ಕಾರು ಜಾರಿದ್ದು ಮೊದಲು ಗೊತ್ತಾಗೋದು ಯಾರಿಗೆ?

 ಇವತ್ತಿನ ಸಂಚಿಕೆಯ ವಿಷಯ ಜಾರುವ ಕಾರು. ಪರದೆಯ ಮೇಲೆ ಜಾರುವ ಆಟದ ಕಾರು, ರಸ್ತೆಯ ಮೇಲೆ ಜಾರುವ ನಿಜವಾದ ಕಾರು, ಎರಡೂ.

ಮೊದಲು ಜಾಗದ ಪರಿಚಯ. ದುಬೈನ ರಾಸ್ ಅಲ್ ಖೋರ್. ಅರಬ್ಬಿಯಲ್ಲಿ ರಾಸ್ ಅಂದರೆ ತಲೆ, ಖೋರ್ ಅಂದರೆ ಭೂಮಿಯೊಳಕ್ಕೆ ಚಾಚಿದ ಸಮುದ್ರದ ಹಿನ್ನೀರು. ದುಬೈ ಕ್ರೀಕ್ ಮುಗಿಯುವ ಕಡೆ ಈ ಹೆಸರಿನ ಪಕ್ಷಿಧಾಮವಿದೆ. ಚಳಿಗಾಲದಲ್ಲಿ ಅಲ್ಲಿ ರಾಜಹಂಸಗಳ, ಅಂದರೆ ಫ್ಲೆಮಿಂಗೊಗಳ, ದಂಡೇ ಇರುತ್ತದೆ. ಅದೇ ಹೆಸರಿನ ಕೈಗಾರಿಕಾ ಪ್ರದೇಶದಲ್ಲಿ ಗ್ಯಾರೇಜುಗಳ ಸಾಲು, ಹಳೇ ಕಾರುಗಳ ದೊಡ್ಡ ಮಾರುಕಟ್ಟೆ. ಹತ್ತಿರದಲ್ಲೇ ರಾಸ್ ಅಲ್ ಖೋರ್ ರಸ್ತೆ. ಇಲ್ಲಿ ಮಳೆ ಬರೋದೇ ವರ್ಷಕ್ಕೆ ಬೆರಳೆಣಿಕೆಯ ದಿನ. ಉಳಿದ ತಿಂಗಳೆಲ್ಲ ಟೈರಿನ ರಬ್ಬರ್ ಪುಡಿ, ಎಣ್ಣೆ, ಮರುಭೂಮಿಯ ನುಣುಪು ಧೂಳು ಡಾಂಬರಿನ ಮೇಲೆ ಕೂರುತ್ತಾ ಹೋಗುತ್ತದೆ. ಮೊದಲ ಹನಿ ಬಿದ್ದಾಗ ಇವೆಲ್ಲ ಕಲಸಿಕೊಂಡು ತೆಳುವಾದ ಲೇಪವಾಗುತ್ತವೆ. ಜೋರು ಮಳೆ ಬಂದು ತೊಳೆದುಹೋಗುವ ತನಕ ಆ ರಸ್ತೆ ಸೋಪು ಹಚ್ಚಿದ ಬಚ್ಚಲ ಕಲ್ಲಿನ ಹಾಗೆ.

ನಮ್ಮೂರಲ್ಲೂ ಇದಕ್ಕೆ ಸಮನಾದದ್ದು ಇದೆ. ಸುಗ್ಗಿಯ ಹೊತ್ತಿಗೆ ಹಳೇ ಮೈಸೂರು ಕಡೆಯ ರಸ್ತೆಗಳಲ್ಲಿ ರಾಗಿ, ಹುರುಳಿ ಹರಡಿ ವಾಹನಗಳಿಂದಲೇ ಒಕ್ಕಣೆ ಮಾಡಿಸುವುದನ್ನು ನೋಡಿರುತ್ತೀರಿ. ಆ ಒಣ ಹುಲ್ಲಿನ ಮೇಲೆ ಬ್ರೇಕ್ ಹಾಕಿದವರಿಗೆ ಜಾರುವುದು ಅಂದರೇನು ಅಂತ ಬೇರೆ ಹೇಳಬೇಕಿಲ್ಲ.

ಈಗ ಪ್ರಶ್ನೆಗೆ ಬರೋಣ. ಮನೆಯಲ್ಲೇ ಸ್ಟಿಯರಿಂಗ್, ಪೆಡಲ್ ಜೋಡಿಸಿಕೊಂಡು ರೇಸಿಂಗ್ ಸಿಮ್ಯುಲೇಟರ್ ಆಡುವವರು ಈಗ ಎಲ್ಲ ಕಡೆ ಇದ್ದಾರೆ. "ಸಿಮ್‌ನಲ್ಲಿ ಸಾವಿರ ಸಲ ಸ್ಲೈಡ್ ಹಿಡಿದಿದ್ದೀನಿ, ರಸ್ತೆಯಲ್ಲಿ ಜಾರಿದರೂ ಹಿಡೀತೀನಿ" ಅನ್ನೋ ಮಾತು ಎಷ್ಟು ನಿಜ? ನಾನು ಜೀವವಿಜ್ಞಾನದವಳು. ಹಾಗಾಗಿ ಎಂಜಿನ್‌ಗಿಂತ ಜಾಸ್ತಿ ಇವತ್ತು ಮಾತಾಡೋದು ಕಣ್ಣು, ಕಿವಿ, ಮೆದುಳಿನ ಬಗ್ಗೆ.

ಆದರೂ ಟೈರಿನಿಂದಲೇ ಶುರು ಮಾಡಬೇಕು. ಒಂದು ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ, ಒಂದೊಂದು ಕಡೆಯೂ ಹೆಚ್ಚುಕಮ್ಮಿ ನಿಮ್ಮ ಅಂಗೈಯಷ್ಟು ಜಾಗ. ಬ್ರೇಕ್ ಹಾಕೋದು, ವೇಗ ಹೆಚ್ಚಿಸೋದು, ತಿರುಗಿಸೋದು, ಎಲ್ಲವೂ ಈ ನಾಲ್ಕು ಅಂಗೈಗಳ ಹಿಡಿತದಿಂದಲೇ ಆಗಬೇಕು. ಹಿಡಿತ ಅನ್ನೋದು ತಿಂಗಳ ಸಂಬಳ ಇದ್ದ ಹಾಗೆ. ಬ್ರೇಕಿಗೇ ಪೂರ್ತಿ ಖರ್ಚು ಮಾಡಿದರೆ ತಿರುವಿಗೆ ಏನೂ ಉಳಿಯುವುದಿಲ್ಲ. ಒಣ ಡಾಂಬರಿನಲ್ಲಿ ಘರ್ಷಣೆಯ ಗುಣಾಂಕ ಸುಮಾರು 0.8 ಇದ್ದರೆ, ಒದ್ದೆ ರಸ್ತೆಯಲ್ಲಿ 0.5ರ ಆಸುಪಾಸಿಗೆ ಇಳಿಯಬಹುದು, ಮಂಜುಗಡ್ಡೆಯ ಮೇಲೆ 0.1. ಸಂಬಳ ಕಡಿತ ಅಂದುಕೊಳ್ಳಿ.

ಮುಂದಿನ ಟೈರುಗಳ ಹಿಡಿತ ಮೊದಲು ಮುಗಿದರೆ, ನೀವು ಎಷ್ಟೇ ತಿರುಗಿಸಿದರೂ ಕಾರು ನೇರಕ್ಕೇ ಹೋಗುತ್ತದೆ. ಇದು ಅಂಡರ್‌ಸ್ಟಿಯರ್. ಹಿಂದಿನ ಟೈರುಗಳ ಹಿಡಿತ ಮೊದಲು ಮುಗಿದರೆ, ಕಾರಿನ ಹಿಂಭಾಗ ಹೊರಕ್ಕೆ ಬೀಸಿ ಮೂತಿ ಒಳಕ್ಕೆ ತಿರುಗುತ್ತದೆ. ಇದು ಓವರ್‌ಸ್ಟಿಯರ್. ಇದನ್ನು ಹಿಡಿಯದೆ ಬಿಟ್ಟರೆ ಕಾರು ಗಿರಕಿ ಹೊಡೆಯುತ್ತದೆ, ಅದೇ ಸ್ಪಿನ್. ತಿರುವಿನ ಮಧ್ಯೆ ಗಾಬರಿಯಾಗಿ ಆಕ್ಸಿಲರೇಟರ್‌ನಿಂದ ಫಕ್ಕನೆ ಕಾಲು ತೆಗೆದರೂ ಹೀಗಾಗಬಹುದು. ಯಾಕೆಂದರೆ ಕಾರಿನ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರಕ್ಕೆ ಹಿಡಿತವೂ ಕಮ್ಮಿ.

ಓವರ್‌ಸ್ಟಿಯರ್‌ಗೆ ಮದ್ದು ಎಲ್ಲ ಆಟಗಾರರಿಗೂ ಗೊತ್ತು, ಕೌಂಟರ್‌ಸ್ಟಿಯರ್. ಹಿಂಭಾಗ ಬಲಕ್ಕೆ ಜಾರಿದರೆ ಸ್ಟಿಯರಿಂಗ್ ಬಲಕ್ಕೆ. ಒಂದು ಸ್ವಾರಸ್ಯ ಕೇಳಿ. ಈ ಕೆಲಸವನ್ನು ಅರ್ಧ ಕಾರೇ ಮಾಡಿಕೊಡುತ್ತದೆ. ತರಕಾರಿ ಅಂಗಡಿಯ ಟ್ರಾಲಿಯ ಪುಟ್ಟ ಚಕ್ರ ಹೇಗೆ ತಾನಾಗಿಯೇ ಹೋಗುವ ದಿಕ್ಕಿಗೆ ತಿರುಗಿಕೊಳ್ಳುತ್ತದೋ, ಹಾಗೆ ಕಾರಿನ ಮುಂದಿನ ಚಕ್ರಗಳೂ ಕಾರು ನಿಜವಾಗಿ ಚಲಿಸುತ್ತಿರುವ ದಿಕ್ಕಿಗೆ ತಿರುಗಲು ನೋಡುತ್ತವೆ. ಜಾರಿದ ಕೂಡಲೇ ಸ್ಟಿಯರಿಂಗ್ ನಿಮ್ಮ ಕೈಯನ್ನು ಸರಿಯಾದ ಕಡೆಗೇ ಎಳೆಯುತ್ತದೆ. ಒಳ್ಳೆಯ ಸಿಮ್ಯುಲೇಟರ್ ಚಕ್ರಗಳಲ್ಲಿ ಮೋಟಾರು ಇಟ್ಟು ಇದೇ ಎಳೆತವನ್ನು ಕೈಗೆ ಕೊಡುತ್ತಾರೆ. ಅದಕ್ಕೆ ಫೋರ್ಸ್ ಫೀಡ್‌ಬ್ಯಾಕ್ ಅಂತ ಹೆಸರು.

ಹಾಗಾದರೆ ಸುಲಭ ಅಲ್ವಾ? ಅಲ್ಲ. ಕಷ್ಟ ಇರೋದು ದಿಕ್ಕಿನಲ್ಲಲ್ಲ, ಹೊತ್ತಿನಲ್ಲಿ.

ಕಣ್ಣಿಗೆ ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಸುಮಾರು 200 ಮಿಲಿಸೆಕೆಂಡು ಬೇಕು, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅಷ್ಟರೊಳಗೆ ಕಾರು ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ಜಾರುವ ಕಾರು ಸೆಕೆಂಡಿಗೆ 40 ಡಿಗ್ರಿ ತಿರುಗುತ್ತಿದ್ದರೆ ಆಗಲೇ 8 ಡಿಗ್ರಿ ಓರೆಯಾಗಿರುತ್ತದೆ. ಅದೂ ಗಾಬರಿ ಇಲ್ಲದೆ ಕಾಯುತ್ತಾ ಕೂತವರ ಲೆಕ್ಕ. ಅನಿರೀಕ್ಷಿತವಾಗಿ ಬಂದರೆ ಇದರ ಎರಡು ಮೂರು ಪಟ್ಟು ಹೊತ್ತು ಹಿಡಿಯುತ್ತದೆ.

ತಡವಾದರೆ ಏನಾಗುತ್ತದೆ ಅನ್ನೋದಕ್ಕೆ ಬಚ್ಚಲಮನೆಗೆ ಬನ್ನಿ. ಗೀಸರ್ ದೂರ ಇದೆ, ನಲ್ಲಿ ತಿರುಗಿಸಿದ ಮೇಲೆ ಬಿಸಿನೀರು ಬರಲು ಸ್ವಲ್ಪ ಹೊತ್ತು ಬೇಕು. ತಣ್ಣಗಿದೆ ಅಂತ ಇನ್ನಷ್ಟು ತಿರುಗಿಸುತ್ತೀರಿ, ಆಮೇಲೆ ಸುಡುತ್ತದೆ. ಗಡಿಬಿಡಿಯಲ್ಲಿ ಹಿಂದಕ್ಕೆ ತಿರುಗಿಸುತ್ತೀರಿ, ಆಮೇಲೆ ಮಂಜಿನಂಥ ನೀರು. (ದುಬೈ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯೇ ಸುಡುತ್ತದೆ, ಆರಿಸಿಟ್ಟ ಗೀಸರಿನ ನೀರೇ ತಂಪು. ಅದು ಬೇರೆ ಕಥೆ.) ಕಾರಿನಲ್ಲೂ ಹೀಗೇ. ಮೊದಲ ಜಾರಿಕೆಯನ್ನು ತಡವಾಗಿ, ಜಾಸ್ತಿ ತಿರುಗಿಸಿ ಹಿಡಿಯುತ್ತಾರೆ. ಹಿಂದಿನ ಟೈರಿಗೆ ಹಿಡಿತ ವಾಪಸ್ ಬರುವ ಹೊತ್ತಿಗೆ ಸ್ಟಿಯರಿಂಗ್ ಇನ್ನೂ ಆ ಕಡೆಗೇ ಇರುತ್ತದೆ. ಕಾರು ಚಾಟಿ ಬೀಸಿದ ಹಾಗೆ ಇನ್ನೊಂದು ಕಡೆಗೆ ಹೊಡೆಯುತ್ತದೆ. ಎಷ್ಟೋ ಅಪಘಾತಗಳು ಆಗುವುದು ಮೊದಲ ಜಾರಿಕೆಯಲ್ಲಲ್ಲ, ಈ ಎರಡನೆಯದರಲ್ಲಿ.

ಹಾಗಾದರೆ ನುರಿತ ಚಾಲಕರ ನರಗಳು ನಮಗಿಂತ ವೇಗವೇ? ವ್ಯತ್ಯಾಸ ಇದ್ದರೂ ಅಲ್ಪ. ಅವರು ಬೇಗ ಪ್ರತಿಕ್ರಿಯಿಸುವುದಿಲ್ಲ, ಮುಂಚೆಯೇ ಊಹಿಸಿರುತ್ತಾರೆ. ತಲೆಯ ಹಿಂಭಾಗದಲ್ಲಿ, ದೊಡ್ಡ ಮೆದುಳಿನ ಕೆಳಗೆ, ಕಿರುಮೆದುಳು ಅಂತ ಇದೆ. ಈ ಸ್ಟಿಯರಿಂಗ್, ಈ ವೇಗ, ಈ ರಸ್ತೆ, ಹಾಗಾದರೆ ಮುಂದಿನ ಕ್ಷಣ ಮೈಗೆ ಏನು ಅನಿಸಬೇಕು ಅನ್ನುವ ಲೆಕ್ಕದಲ್ಲಿ ಅದಕ್ಕೆ ಮುಖ್ಯ ಪಾತ್ರವಿದೆ. ಊಹೆಗೂ ಅನುಭವಕ್ಕೂ ವ್ಯತ್ಯಾಸ ಬಂದರೆ ಆ ವ್ಯತ್ಯಾಸವೇ ಪಾಠ. ಸಾವಿರ ಸಲ ತಪ್ಪಿ, ಸಾವಿರ ಸಲ ತಿದ್ದಿಕೊಂಡ ಮೇಲೆ ಕೈ ಕಾರಿಗಿಂತ ಒಂದು ಹೆಜ್ಜೆ ಮುಂದಿರುತ್ತದೆ.

ಸಿಮ್ಯುಲೇಟರಿನ ಬಲ ಇಲ್ಲೇ ಇದೆ. ನಿಜವಾದ ಕಾರಿನಲ್ಲಿ ಸಾವಿರ ಸಲ ತಪ್ಪುವಷ್ಟು ದುಡ್ಡೂ ಇಲ್ಲ, ಆಯುಸ್ಸೂ ಇಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ ದುಬೈನಲ್ಲೇ ಸಿಕ್ಕಿದೆ. ರಾಸ್ ಅಲ್ ಖೋರ್‌ನಿಂದ ಒಳನಾಡಿನ ಕಡೆ ಹೊರಟರೆ ಮೋಟಾರ್ ಸಿಟಿ, ಅಲ್ಲಿ ದುಬೈ ಆಟೋಡ್ರೋಮ್. 2008ರಲ್ಲಿ ನಿಸಾನ್ ಮತ್ತು ಪ್ಲೇಸ್ಟೇಷನ್ ಸೇರಿ ಜಿಟಿ ಅಕಾಡೆಮಿ ಅಂತ ಸ್ಪರ್ಧೆ ಶುರು ಮಾಡಿದವು. ಗ್ರಾನ್ ಟುರಿಸ್ಮೊ ಆಟದಲ್ಲಿ ಗೆದ್ದವರನ್ನು ಆರಿಸಿ ನಿಜವಾದ ರೇಸಿಗೆ ಇಳಿಸುವ ಯೋಜನೆ. ಮೊದಲ ವಿಜೇತ ಸ್ಪೇನ್‌ನ ಲೂಕಾಸ್ ಒರ್ಡೋನ್ಯೆಸ್. 2009ರ ಜನವರಿಯಲ್ಲಿ ಅವರು ಇಳಿದದ್ದು ಇದೇ ಆಟೋಡ್ರೋಮ್‌ನ 24 ಗಂಟೆಗಳ ರೇಸಿಗೆ. 2011ರಲ್ಲಿ ಲೆ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ಅವರ ತಂಡ ತನ್ನ ವರ್ಗದಲ್ಲಿ ಎರಡನೇ ಸ್ಥಾನ ಪಡೆಯಿತು. 2011ರ ವಿಜೇತ, ಬ್ರಿಟನ್‌ನ ಜಾನ್ ಮಾರ್ಡನ್‌ಬರೋ, 2012ರ ಜನವರಿಯಲ್ಲಿ ದುಬೈನಲ್ಲೇ ಓಡಿಸಿದರು. ಅವರ ತಂಡ ತನ್ನ ವರ್ಗದಲ್ಲಿ ಮೂರನೆಯದಾಯಿತು. 2023ರ ಗ್ರಾನ್ ಟುರಿಸ್ಮೊ ಸಿನಿಮಾ ಅವರ ಕಥೆಯನ್ನೇ ಆಧರಿಸಿದ್ದು.

ಆದರೆ ಗಮನಿಸಿ. ಆಟದಿಂದ ರೇಸಿನ ನಡುವೆ ಇವರಿಗೆ ನಿಜವಾದ ಟ್ರ್ಯಾಕಿನಲ್ಲಿ, ನಿಜವಾದ ಕಾರಿನಲ್ಲಿ, ತರಬೇತುದಾರರ ಜೊತೆ ತಿಂಗಳುಗಟ್ಟಲೆ ಅಭ್ಯಾಸ ಇತ್ತು. ಸೋಫಾದಿಂದ ಎದ್ದು ಸೀದಾ ಟ್ರ್ಯಾಕಿಗೆ ಹೋದವರಲ್ಲ. ಆ ತಿಂಗಳುಗಳಲ್ಲಿ ಅವರು ಕಲಿಯಬೇಕಾದದ್ದರಲ್ಲಿ ದೊಡ್ಡದೊಂದು, ಆಟದಲ್ಲಿ ಇಲ್ಲದ ಒಂದು ಅಂಗದ ಮಾತು ಕೇಳೋದು. ಆ ಅಂಗ ನಮ್ಮ ಒಳಕಿವಿ.

ಒಂದು ಸಣ್ಣ ಪ್ರಯೋಗ ಮಾಡೋಣ. ಡ್ರೈವ್ ಮಾಡ್ತಾ ಕೇಳ್ತಿದ್ದರೆ ಬೇಡ, ಮನೆಗೆ ಹೋಗಿ ಮಾಡಿ. ತೋರುಬೆರಳನ್ನು ಮುಖದ ಮುಂದೆ ಹಿಡಿದು, ತಲೆ ಅಲ್ಲಾಡಿಸದೆ ಬೆರಳನ್ನು ಎಡಕ್ಕೆ ಬಲಕ್ಕೆ ವೇಗವಾಗಿ ಆಡಿಸಿ. ಬೆರಳು ಮಸುಕಾಗುತ್ತದೆ. ಈಗ ಬೆರಳನ್ನು ಹಾಗೇ ಇಟ್ಟು, ಬೇಡ ಬೇಡ ಅನ್ನುವ ಹಾಗೆ ಅಷ್ಟೇ ವೇಗದಲ್ಲಿ ತಲೆ ಅಲ್ಲಾಡಿಸಿ. ಬೆರಳು ಸ್ಪಷ್ಟವಾಗಿ ಕಾಣುತ್ತದೆ! ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ. ತಲೆ ತಿರುಗಿದಾಗ ದ್ರವ ಹಿಂದುಳಿಯುತ್ತದೆ, ಅದರಿಂದ ಸೂಕ್ಷ್ಮ ರೋಮಗಳಿರುವ ಕೋಶಗಳು ಬಾಗುತ್ತವೆ, ಸುದ್ದಿ ಮೂರೇ ನರಕೋಶಗಳ ಸರಪಳಿಯಲ್ಲಿ ಕಣ್ಣಿನ ಸ್ನಾಯುವಿಗೆ ಮುಟ್ಟುತ್ತದೆ. ತಲೆ ಎಡಕ್ಕೆ ಹೋದರೆ ಕಣ್ಣು ಬಲಕ್ಕೆ, ಸುಮಾರು ಹತ್ತು ಮಿಲಿಸೆಕೆಂಡಿನಲ್ಲಿ. ನಮ್ಮ ದೇಹದ ಅತಿ ವೇಗದ ರಿಫ್ಲೆಕ್ಸ್‌ಗಳಲ್ಲಿ ಇದೂ ಒಂದು. ಹಕ್ಕಿಗಳಲ್ಲಿ ಇದೇ ಜಾಣತನ ಕತ್ತಿಗೂ ಇಳಿದಿದೆ. ಕೋಳಿಯನ್ನು ಕೈಯಲ್ಲಿ ಹಿಡಿದು ಮೈ ಅಲ್ಲಾಡಿಸಿದರೂ ತಲೆ ಗಾಳಿಯಲ್ಲಿ ಮೊಳೆ ಹೊಡೆದ ಹಾಗೆ ನಿಂತಿರುತ್ತದೆ.

ಕಾರಿನ ಹಿಂಭಾಗ ಬೀಸತೊಡಗಿದಾಗ ಈ ನಾಳಗಳಿಗೆ ಸುದ್ದಿ ಮುಟ್ಟಿರುತ್ತದೆ, ಕಣ್ಣು ರಸ್ತೆಯ ಮೇಲೆ ನಿಂತಿರುತ್ತದೆ. ಶೀರ್ಷಿಕೆಯ ಪ್ರಶ್ನೆಗೆ ಒಂದು ಉತ್ತರ ಇದು. ಮೊದಲು ಗೊತ್ತಾಗೋದು ಕಿವಿಗೆ. ಆದರೆ ನಿಮಗಲ್ಲ! ಈ ರಿಫ್ಲೆಕ್ಸ್ ಕಣ್ಣನ್ನು ತಿರುಗಿಸುತ್ತದೆ, ಸ್ಟಿಯರಿಂಗನ್ನಲ್ಲ. "ನಾನು ತಿರುಗುತ್ತಿದ್ದೇನೆ" ಅನ್ನುವ ಅರಿವು ಮನಸ್ಸಿಗೆ ಬರುವುದು ಬೆಳಕು, ಸದ್ದು, ಸ್ಪರ್ಶಗಳ ಅರಿವಿಗಿಂತ ತಡವಾಗಿ ಅಂತ ಪ್ರಯೋಗಗಳು ತೋರಿಸಿವೆ. ಕಿವಿಯ ಸುದ್ದಿ, ಬೆನ್ನಿಗೆ ಒತ್ತುವ ಸೀಟಿನ ಸುದ್ದಿ, ಅಂಗೈಯಲ್ಲಿ ಎಳೆಯುವ ಚಕ್ರದ ಸುದ್ದಿ, ಇವನ್ನೆಲ್ಲ ಹೊಂದಿಸಿ ಕೈಯ ಚಲನೆಯಾಗಿ ಮಾಡೋದನ್ನು ಮೆದುಳು ಅಭ್ಯಾಸದಿಂದಲೇ ಕಲಿಯಬೇಕು.

ಮನೆಯ ಸಿಮ್ಯುಲೇಟರಿನಲ್ಲಿ ಕಣ್ಣು "ತಿರುಗಿದೆ" ಅನ್ನುತ್ತದೆ, ಕಿವಿ "ಕುರ್ಚಿಯಲ್ಲೇ ಇದ್ದೀವಿ" ಅನ್ನುತ್ತದೆ. ಈ ಜಗಳಕ್ಕೇ ಕೆಲವರಿಗೆ ವಾಕರಿಕೆ ಬರೋದು. ಬಸ್ಸಿನಲ್ಲಿ ಪುಸ್ತಕ ಓದಿದರೆ ಘಾಟಿಯಲ್ಲಿ ಹೊಟ್ಟೆ ತೊಳಸುತ್ತದಲ್ಲ, ಅದರ ತಿರುಗುಮುರುಗು. ವೃತ್ತಿಪರ ಸಿಮ್ಯುಲೇಟರುಗಳು ಕಿವಿಯನ್ನೂ ಏಮಾರಿಸಲು ನೋಡುತ್ತವೆ. ಬ್ರೇಕ್ ಹಾಕಿದಾಗ ಸೀಟನ್ನು ಮೆಲ್ಲಗೆ ಮುಂದಕ್ಕೆ ಬಾಗಿಸುತ್ತವೆ. ಒಳಕಿವಿಯ ಸುಣ್ಣದ ಹರಳುಗಳಿಗೆ ಬಾಗುವುದಕ್ಕೂ ವೇಗ ತಗ್ಗುವುದಕ್ಕೂ ವ್ಯತ್ಯಾಸ ತಿಳಿಯದು, ಹಾಗಾಗಿ ಮೋಸ ಹೋಗುತ್ತವೆ. ಆದರೆ ಜೋರಾದ ಸ್ಪಿನ್ನನ್ನು ಹೀಗೆ ನಕಲು ಮಾಡೋದು ಕಷ್ಟ.

ಕಿವಿಯೂ ಸತ್ಯಹರಿಶ್ಚಂದ್ರ ಅಲ್ಲ. ಚಿಕ್ಕವರಿದ್ದಾಗ ಗಿರಗಿರನೆ ಸುತ್ತಿ ಫಕ್ಕನೆ ನಿಂತರೆ ಲೋಕವೆಲ್ಲ ತಿರುಗುತ್ತಿತ್ತಲ್ಲ? ಸುತ್ತುತ್ತಲೇ ಇದ್ದರೆ ನಾಳದ ದ್ರವವೂ ಜೊತೆಗೇ ಸುತ್ತತೊಡಗುತ್ತದೆ, ನಿಂತಾಗ ಅದು ಮಾತ್ರ ನಿಲ್ಲುವುದಿಲ್ಲ. ಮೋಡದೊಳಗೆ ಸ್ಪಿನ್‌ಗೆ ಸಿಕ್ಕಿದ ಎಷ್ಟೋ ಪೈಲಟ್‌ಗಳು ಕಿವಿಯನ್ನು ನಂಬಿ ಪ್ರಾಣ ಬಿಟ್ಟಿದ್ದಾರೆ. ಮುಂದೆ ಉಪಕರಣ ನೋಡಿ ಹಾರಿಸುವುದನ್ನು ಕಲಿಸಲು ಬಳಕೆಯಾದ ಸಿಮ್ಯುಲೇಟರನ್ನು ಅಮೆರಿಕದ ಎಡ್ವಿನ್ ಲಿಂಕ್ 1929ರ ಹೊತ್ತಿಗೇ ಕಟ್ಟಿದ್ದರು.

ಆಟದಲ್ಲಿ ಪೂರ್ತಿಯಾಗಿ ಸಿಗದ ಇನ್ನೊಂದು, ನೆಲದ ಬದಲಾವಣೆ. ಮೆದುಳು ಕಟ್ಟಿಕೊಂಡ ಲೆಕ್ಕ ಒಂದೊಂದು ನೆಲಕ್ಕೆ ಒಂದೊಂದು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕುಗಳ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಆ ಸರಣಿಯ ಮೊದಲ ಸುತ್ತು ನಡೆದದ್ದು ದುಬೈನ ಮರಳಿನಲ್ಲೇ. ಮರಳಿನಲ್ಲಿ ಬೈಕು ಸದಾ ಓಲಾಡುತ್ತಲೇ ಇರುತ್ತದೆ. ಅದನ್ನು ಬಿಗಿಹಿಡಿದು ನೇರ ಮಾಡಲು ಹೋದವರೇ ಬೀಳೋದು. ಡಾಂಬರಿನಲ್ಲಿ ಅಪಾಯದ ಗಂಟೆಯಾದ ಅಲುಗಾಟ ಮರಳಿನಲ್ಲಿ ಮಾಮೂಲು. ಎಣ್ಣೆ, ಧೂಳು, ನೀರು ಕಲಸಿದ ರಾಸ್ ಅಲ್ ಖೋರ್ ರಸ್ತೆಗೆ ಮತ್ತೆ ಬೇರೆಯೇ ಲೆಕ್ಕ. ಅದನ್ನು ಅಭ್ಯಾಸ ಮಾಡಲು ವರ್ಷಕ್ಕೆ ನಾಲ್ಕು ದಿನವೂ ಸಿಗುವುದಿಲ್ಲ.

ಹಾಗಾದರೆ ನಮ್ಮಂಥವರನ್ನು ಕಾಯೋದು ಯಾರು? ಬಹುತೇಕ ಸಲ, ಒಂದು ಪುಟ್ಟ ಪೆಟ್ಟಿಗೆ. ಬಾಷ್ ಮತ್ತು ಮರ್ಸಿಡಿಸ್ 1995ರಲ್ಲಿ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಇಎಸ್‌ಸಿ, ತಂದವು. ಸ್ಟಿಯರಿಂಗ್ ಎಷ್ಟು ತಿರುಗಿದೆ, ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ, ಎರಡನ್ನೂ ಅದು ಸದಾ ಹೋಲಿಸುತ್ತಿರುತ್ತದೆ. ತಾಳೆ ಆಗದಿದ್ದರೆ ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ನೇರ ಮಾಡುತ್ತದೆ. ನಾಲ್ಕು ಚಕ್ರಕ್ಕೆ ನಾಲ್ಕು ಬ್ರೇಕ್ ಪೆಡಲ್ ಯಾವ ಚಾಂಪಿಯನ್‌ಗೂ ಇಲ್ಲ.

ತಿರುಗುವಿಕೆಯನ್ನು ಅಳೆಯುವ ಅದರ ಸಂವೇದಕ ನನ್ನಂಥ ಜೀವವಿಜ್ಞಾನಿಗೆ ಹಬ್ಬ. ಅದರೊಳಗೆ ಒಂದು ಸೂಕ್ಷ್ಮ ಭಾಗ ಸದಾ ಕಂಪಿಸುತ್ತಿರುತ್ತದೆ. ಕಾರು ತಿರುಗಿದರೆ ಆ ಕಂಪನ ಕೊರಿಯೊಲಿಸ್ ಬಲದಿಂದ ಪಕ್ಕಕ್ಕೆ ವಾಲುತ್ತದೆ. ಇದೇ ಉಪಾಯ ನಿಮ್ಮ ಮನೆಯ ನೊಣದಲ್ಲಿದೆ. ನೊಣದ ಹಿಂದಿನ ಎರಡು ರೆಕ್ಕೆಗಳು ವಿಕಾಸದ ಹಾದಿಯಲ್ಲಿ ಪುಟ್ಟ ಗದೆಗಳಂತಾಗಿವೆ. ಅವಕ್ಕೆ ಹಾಲ್ಟಿಯರ್ ಅಂತ ಹೆಸರು. ರೆಕ್ಕೆ ಬಡಿದಂತೆಲ್ಲ ಅವೂ ಬಡಿಯುತ್ತವೆ, ನೊಣ ತಿರುಗಿದರೆ ಅವುಗಳ ಬುಡದ ನರಗಳಿಗೆ ಅದೇ ಕೊರಿಯೊಲಿಸ್ ಬಲ ಗೊತ್ತಾಗುತ್ತದೆ. ನೀವು ಬೀಸಿದ ಪೇಪರ್‌ನಿಂದ ನೊಣ ತಪ್ಪಿಸಿಕೊಂಡು ಹಾರುವಾಗ ಅದರ ಸಮತೋಲ ಕಾಯೋದು ಈ ಗದೆಗಳೇ. ಆದರೆ ಇಎಸ್‌ಸಿ ಹಿಡಿತವನ್ನು ಸೃಷ್ಟಿಸಲಾರದು. ಇರುವ ಸಂಬಳವನ್ನೇ ಜಾಣತನದಿಂದ ಹಂಚುತ್ತದೆ, ಅಷ್ಟೇ.

ಕೊನೆಗೆ, ಇವತ್ತಿನ ಮುಖ್ಯ ಮಾತು. ಜಾರಿಕೆ ಹಿಡಿಯುವ ಕೌಶಲ ಕಲಿತರೆ ಅಪಘಾತ ಕಮ್ಮಿಯಾಗಬೇಕು ಅಲ್ವಾ? ನಾರ್ವೆಯಲ್ಲಿ ಹೊಸ ಚಾಲಕರಿಗೆ ಜಾರುವ ರಸ್ತೆಯ ತರಬೇತಿ ಕಡ್ಡಾಯ ಮಾಡಿದ್ದರು. 1988ರಲ್ಲಿ ಪ್ರಕಟವಾದ ಅದರ ಮೌಲ್ಯಮಾಪನದಲ್ಲಿ ಕಂಡದ್ದು ತಿರುಗುಮುರುಗು. ಯುವಕರಲ್ಲಿ ಜಾರುವ ರಸ್ತೆಯ ಅಪಘಾತ ಹೆಚ್ಚಾಗಿತ್ತು. 1996ರಲ್ಲಿ ಸ್ವೀಡನ್‌ನ ನಿಲ್ಸ್ ಪೆಟ್ಟರ್ ಗ್ರೆಗರ್ಸೆನ್ ಇದರ ಒಳಗುಟ್ಟು ಹುಡುಕಿದರು. ಕಲಿಯುವ ಚಾಲಕರ ಒಂದು ಗುಂಪಿಗೆ ಜಾರುವ ನೆಲದಲ್ಲಿ ಕಾರು ನಿಭಾಯಿಸುವ ಕೌಶಲ ಕಲಿಸಿದರು. ಇನ್ನೊಂದು ಗುಂಪಿಗೆ ಅಂಥ ನೆಲದಲ್ಲಿ ತಮ್ಮ ಶಕ್ತಿ ಎಷ್ಟು ಸೀಮಿತ ಅನ್ನೋದನ್ನು ಮನಗಾಣಿಸಿದರು. ಆಮೇಲೆ ಪರೀಕ್ಷೆ. ಮೊದಲ ಗುಂಪು ತಾನು ಚೆನ್ನಾಗಿ ನಿಭಾಯಿಸುತ್ತೇನೆ ಅಂತ ಹೆಚ್ಚು ನಂಬಿತ್ತು. ನಿಜವಾದ ಕೌಶಲದಲ್ಲಿ ಎರಡೂ ಗುಂಪಿಗೆ ವ್ಯತ್ಯಾಸವೇ ಇರಲಿಲ್ಲ.

ಅಂದರೆ ಸ್ವಲ್ಪ ಕಲಿಕೆ ಕೈಗಿಂತ ಬೇಗ ಧೈರ್ಯವನ್ನು ಬೆಳೆಸುತ್ತದೆ. ಸಿಮ್ಯುಲೇಟರಿನಲ್ಲಿ ಈ ಅಪಾಯ ಇನ್ನೂ ಹೆಚ್ಚು, ಅಲ್ಲಿ ರೀಸೆಟ್ ಬಟನ್ ಇದೆಯಲ್ಲ. ನೂರರಲ್ಲಿ ಎಂಬತ್ತು ಸಲ ಸ್ಲೈಡ್ ಹಿಡಿದೆ ಅಂತ ಖುಷಿಪಡುವ ಹುಡುಗ ರಸ್ತೆಗೆ ಬರುವಾಗ ನೆನಪಿಡಬೇಕಾದದ್ದು ಉಳಿದ ಇಪ್ಪತ್ತನ್ನು.

ಹಾಗಂತ ಸಿಮ್ಯುಲೇಟರ್ ಬೇಡ ಅಂತಲ್ಲ. ಅದರಿಂದ ಕಲಿಯಬೇಕಾದ ಪಾಠವನ್ನು ಬದಲಿಸಿ. ಜಾರಿದ ಮೇಲೆ ಹಿಡಿಯೋದಕ್ಕಿಂತ, ಜಾರುವ ಮುಂಚಿನ ಸುಳಿವು ಗುರುತಿಸೋದನ್ನು ಕಲಿಯಿರಿ. ಮುಂದಿನ ಟೈರು ಸೋಲುವ ಮೊದಲು ಸ್ಟಿಯರಿಂಗ್ ಹಗುರವಾಗುತ್ತದೆ. ಆ ಹಗುರವನ್ನು ಕೈಗೆ ಪರಿಚಯ ಮಾಡಿಸಿ. ಕಣ್ಣನ್ನೂ ಪಳಗಿಸಿ. ಮೈಕೆಲ್ ಲ್ಯಾಂಡ್ ಮತ್ತು ಡೇವಿಡ್ ಲೀ 1994ರಲ್ಲಿ ತೋರಿಸಿದಂತೆ, ಚಾಲಕರ ನೋಟ ತಿರುವಿಗೆ ಒಂದೆರಡು ಸೆಕೆಂಡು ಮೊದಲೇ ಅದರ ಒಳ ಅಂಚಿಗೆ ಹೋಗಿರುತ್ತದೆ. ಕೈ ಕಣ್ಣನ್ನು ಹಿಂಬಾಲಿಸುತ್ತದೆ. ಅದಕ್ಕೇ ಜಾರುವಾಗ ಕಂಬವನ್ನು ನೋಡಬೇಡಿ, ಹೋಗಬೇಕಾದ ದಾರಿಯನ್ನು ನೋಡಿ ಅನ್ನೋದು.

ರಸ್ತೆಯಲ್ಲಿ ನಿಜವಾಗಿ ಜಾರಿದರೆ ನೆನಪಿರಲಿ. ಮುಂಭಾಗ ಜಾರಿದರೆ ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಸ್ಟಿಯರಿಂಗನ್ನು ಇನ್ನಷ್ಟು ತಿರುಗಿಸಬೇಡಿ, ಸ್ವಲ್ಪ ಸಡಿಲಿಸಿ. ಹಿಂಭಾಗ ಜಾರಿದರೆ ಹೋಗಬೇಕಾದ ಕಡೆ ನೋಡಿ, ಆ ಕಡೆಗೇ ತಿರುಗಿಸಿ, ಕಾರು ನೇರವಾಗತೊಡಗಿದ ಕೂಡಲೇ ಸ್ಟಿಯರಿಂಗನ್ನೂ ವಾಪಸ್ ತನ್ನಿ. ಕೈಮೀರಿ ಗಿರಕಿ ಹೊಡೆದೇಬಿಟ್ಟರೆ ಬ್ರೇಕನ್ನು ಪೂರ್ತಿ ಒತ್ತಿ, ಗೇರಿನ ಕಾರಾದರೆ ಕ್ಲಚ್ಚನ್ನೂ. ಇಎಸ್‌ಸಿ ಬಟನ್ ಇದ್ದರೆ ಅದನ್ನು ಆರಿಸೋ ಆಸೆ ಬೇಡ.

ಇವೆಲ್ಲಕ್ಕಿಂತ ಅಗ್ಗದ ಉಪಾಯ ಒಂದಿದೆ. ವೇಗ ಅರ್ಧವಾದರೆ ಅದೇ ತಿರುವಿಗೆ ಬೇಕಾದ ಹಿಡಿತ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಿರುಮೆದುಳಿಗೆ ಸಾವಿರ ಪಾಠ ಬೇಕು, ಈ ಲೆಕ್ಕಕ್ಕೆ ಒಂದೂ ಬೇಡ. ರಾಸ್ ಅಲ್ ಖೋರ್‌ನಲ್ಲಾಗಲಿ, ರಾಗಿ ಹರಡಿದ ಊರ ರಸ್ತೆಯಲ್ಲಾಗಲಿ, ಮೊದಲ ಹನಿ ಬಿದ್ದಾಗ, ಮೊದಲ ಹುಲ್ಲು ಕಂಡಾಗ ಬಲಗಾಲನ್ನು ಮೆಲ್ಲಗೆ ಎತ್ತಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿಯವರೆಗೆ ಹುಷಾರಾಗಿ ಓಡಿಸಿ.